ಒಣನೆಲದ ಜೀವಗಳು, ರೈತರ ಜಮೀನು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ, ಮಳೆ ಕಡಿಮೆ ಬೀಳುವ ಸೀಮೆಗಳಲ್ಲಿ ರೈತರು ಮತ್ತು ಪಶುಪಾಲಕರು ತಮ್ಮದೇ ಜಮೀನಿನ ಮೇಲೆ ಕಾಡುಪ್ರಾಣಿಗಳನ್ನು ಉಳಿಸಿಕೊಂಡಿರುವ ಬಗೆಯನ್ನು ಕುರಿತು ಬರೆದಿದ್ದೆ. ಶಿವಮೊಗ್ಗ ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ.

ಪ್ರಶ್ನೆ: 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ಆ ದೇಶದಲ್ಲಿ ಚೀತಾಗಳು ಹೆಚ್ಚಾಗಿ ಇರುವುದು ಅಭಯಾರಣ್ಯಗಳಲ್ಲಲ್ಲ, ರೈತರ ಜಮೀನುಗಳಲ್ಲಿ ಎಂದು ತಾವು ಬರೆದಿದ್ದೀರಿ. ತೋಟಕ್ಕೆ ಒಂದು ಕಾಟಿ (ಕಾಡುಕೋಣ) ನುಗ್ಗಿದರೆ ನಮಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಅಲ್ಲಿಯವರು ಕುರಿ, ಕರು ಹಿಡಿಯುವ ಪ್ರಾಣಿಯನ್ನು ಹೇಗೆ ಸಹಿಸುತ್ತಾರೆ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಅವರೂ ಮೊದಲು ಸಹಿಸಲಿಲ್ಲ. 1980ರ ದಶಕದಲ್ಲಿ ಅಲ್ಲಿನ ಜಾನುವಾರು ಸಾಕಣೆದಾರರು ಸಾವಿರಾರು ಚೀತಾಗಳನ್ನು ಬೋನಿಟ್ಟು ಹಿಡಿದರು, ಗುಂಡಿಟ್ಟು ಕೊಂದರು. ಆದರೂ ಅವು ಜಮೀನುಗಳನ್ನು ಬಿಟ್ಟು ಹೋಗಲಿಲ್ಲ. ಅಭಯಾರಣ್ಯದೊಳಗೆ ಸಿಂಹ ಮತ್ತು ಕತ್ತೆಕಿರುಬಗಳು ಚೀತಾ ಹಿಡಿದ ಬೇಟೆಯನ್ನು ಕಸಿಯುತ್ತವೆ, ಸಿಂಹವಂತೂ ಮರಿಗಳನ್ನೂ ಉಳಿಸುವುದಿಲ್ಲ. ಸಾಕಣೆದಾರರು ತಮ್ಮ ಜಮೀನಿನಿಂದ ಸಿಂಹ ಮತ್ತು ಕತ್ತೆಕಿರುಬಗಳನ್ನು ಬಹಳ ಹಿಂದೆಯೇ ಓಡಿಸಿಬಿಟ್ಟಿದ್ದುದರಿಂದ, ಬಲಶಾಲಿ ಶತ್ರುಗಳಿಲ್ಲದ ಆ ಜಾಗವೇ ಚೀತಾಗಳಿಗೆ ಆಸರೆಯಾಯಿತು.

ಇನ್ನೊಂದು ಕಾರಣ ಮಳೆಯದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುತ್ತದೆ. ನಮೀಬಿಯಾದ ಕರಾವಳಿಯ ಮರುಭೂಮಿಯಲ್ಲಿ 50 ಮಿಲಿಮೀಟರ್ ಬಿದ್ದರೂ ಅದು ಒಳ್ಳೆಯ ವರ್ಷ. ಒಳನಾಡಿನಲ್ಲಿ ಮಳೆ ಇದಕ್ಕಿಂತ ಹೆಚ್ಚಾದರೂ ಈ ವರ್ಷ ಒಂದು ಕಡೆ, ಮುಂದಿನ ವರ್ಷ ಇನ್ನೊಂದು ಕಡೆ ಎಂಬಂತೆ ಚದುರಿ ಬೀಳುತ್ತದೆ. ಹುಲ್ಲು ಚಿಗುರಿದ ಕಡೆಗೆ ಜಿಂಕೆ ಹೋಗುತ್ತದೆ, ಜಿಂಕೆ ಹೋದ ಕಡೆಗೆ ಚೀತಾ ಹೋಗುತ್ತದೆ. ಇಂಥ ಸೀಮೆಯಲ್ಲಿ ನಕ್ಷೆಯ ಮೇಲೆ ಗೆರೆ ಎಳೆದು ‘ಪ್ರಾಣಿಗಳೆಲ್ಲ ಇದರೊಳಗಿರಲಿ’ ಎಂದರೆ ನಡೆಯುವುದಿಲ್ಲ. ಗೆರೆಯ ಹೊರಗಿರುವ ರೈತ ಒಪ್ಪದಿದ್ದರೆ ಒಳಗಿನ ಪ್ರಾಣಿಯೂ ಬಹಳ ಕಾಲ ಬದುಕುವುದಿಲ್ಲ.

ಬದಲಾವಣೆ ಎರಡು ಕಡೆಯಿಂದ ಬಂತು. ಮೊದಲನೆಯದು ಕಾನೂನು. ಬೇಲಿಯಿರುವ ದೊಡ್ಡ ಜಮೀನುಗಳ ಒಡೆಯರಿಗೆ, ಅಲ್ಲಿರುವ ಜಿಂಕೆ ಜಾತಿಯ ಕೆಲವು ಪ್ರಾಣಿಗಳ ಮೇಲೆ ಷರತ್ತುಬದ್ಧವಾದ ಹಕ್ಕನ್ನು 1960ರ ದಶಕದಿಂದಲೇ ಕೊಡಲಾಯಿತು. 1975ರ ಶಾಸನ ಅದನ್ನು ಗಟ್ಟಿ ಮಾಡಿತು. ಅಲ್ಲಿಯವರೆಗೆ ಹುಲ್ಲು ತಿಂದುಹೋಗುವ ಕಳ್ಳನೆಂದು ಕಾಣುತ್ತಿದ್ದ ಪ್ರಾಣಿ, ಅಂದಿನಿಂದ ಜಮೀನಿನ ಸ್ವತ್ತಾಗಿ ಕಾಣತೊಡಗಿತು. ಮುಂದೆ ಅಕ್ಕಪಕ್ಕದ ಜಮೀನಿನವರು ಸೇರಿ, ಒಳಬೇಲಿಗಳನ್ನು ತೆಗೆದು, ಒಟ್ಟಿಗೇ ಪ್ರಾಣಿಗಳನ್ನು ನೋಡಿಕೊಳ್ಳುವ ಒಕ್ಕೂಟಗಳನ್ನು ಕಟ್ಟಿಕೊಂಡರು.

ಎರಡನೆಯದು ನಾಯಿ. 1990ರಲ್ಲಿ ಅಲ್ಲಿ ಆರಂಭವಾದ ಚೀತಾ ಕನ್ಸರ್ವೇಷನ್ ಫಂಡ್ ಎಂಬ ಸಂಸ್ಥೆ, 1994ರಿಂದ ಟರ್ಕಿ ಮೂಲದ ಅನಟೋಲಿಯನ್ ಶೆಫರ್ಡ್ ಮತ್ತು ಕಂಗಾಲ್ ತಳಿಯ ಕಾವಲುನಾಯಿಗಳನ್ನು ಸಾಕಣೆದಾರರಿಗೆ ಕೊಡುತ್ತ ಬಂದಿದೆ. ಮರಿಯನ್ನು ಎರಡು ತಿಂಗಳ ಹೊತ್ತಿಗೆ ಆಡುಗಳ ದೊಡ್ಡಿಗೆ ಬಿಡುತ್ತಾರೆ. ಅದು ಆಡಿನ ಮರಿಗಳ ನಡುವೆ ಮಲಗುತ್ತದೆ, ಅವುಗಳ ವಾಸನೆಯಲ್ಲೇ ಬೆಳೆಯುತ್ತದೆ, ಮಂದೆಯೇ ತನ್ನ ಬಳಗವೆಂದು ತಿಳಿಯುತ್ತದೆ. ಬೆಳೆದ ಮೇಲೆ ಅದು ಚೀತಾವನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಮಂದೆಗೂ ಚೀತಾಕ್ಕೂ ನಡುವೆ ನಿಂತು ಬೊಗಳುತ್ತದೆ. ಚೀತಾ ಜಗಳಕ್ಕೆ ನಿಲ್ಲುವ ಪ್ರಾಣಿಯಲ್ಲ, ಕಾಲಿಗೆ ಪೆಟ್ಟಾದರೆ ಓಡಲಾರದೆ ಉಪವಾಸ ಸಾಯಬೇಕಾಗುತ್ತದೆಂದು ಅದು ಹಿಂದೆ ಸರಿಯುತ್ತದೆ. ಕೊಟ್ಟಿಗೆಯ ನಷ್ಟ ತಗ್ಗಿದ ಮೇಲೆ ಬಂದೂಕು ಗೋಡೆಗೆ ಹೋಯಿತು. ತಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಪ್ರಾಮಾಣಿಕ ಉತ್ತರವೂ ಇದೇ: ಸಹನೆ ಮೊದಲು ಬಂದದ್ದಲ್ಲ, ನಷ್ಟ ಮೊದಲು ತಗ್ಗಿತು.

ಪ್ರಶ್ನೆ: ಸಾವಿರಾರು ಹೆಕ್ಟೇರ್ ಇರುವ ಜಮೀನ್ದಾರರ ಕಥೆ ಸರಿ. ಎರಡು ಎಕರೆಯವನಿಗೆ, ಜಮೀನೇ ಇಲ್ಲದ ಕುರಿಗಾಹಿಗೆ ಇದರಲ್ಲಿ ಏನಿದೆ?
(ನಿವೃತ್ತ ಶಿಕ್ಷಕರು, ಭದ್ರಾವತಿ)

ಉತ್ತರ: ಈ ಪ್ರಶ್ನೆಯನ್ನು ನಮೀಬಿಯಾದ ಜನರೇ ಕೇಳಿದ್ದರು. 1990ರಲ್ಲಿ ದೇಶ ಸ್ವತಂತ್ರವಾಗುವವರೆಗೆ ಪ್ರಾಣಿಗಳ ಮೇಲಿನ ಹಕ್ಕು ದೊಡ್ಡ ಜಮೀನಿನ ಬಿಳಿಯರಿಗೆ ಮಾತ್ರ ಇತ್ತು. ಸಾಮುದಾಯಿಕ ನೆಲದಲ್ಲಿ ದನ ಮೇಯಿಸಿಕೊಂಡಿದ್ದ ಕಪ್ಪು ಜನರಿಗೆ ಆನೆ, ಸಿಂಹಗಳಿಂದ ಆಗುವ ನಷ್ಟ ಮಾತ್ರ ಪಾಲಿಗೆ ಬಂದಿತ್ತು. 1996ರ ತಿದ್ದುಪಡಿಯಿಂದ ಅವರಿಗೂ ಹಕ್ಕು ಸಿಕ್ಕಿತು, 1998ರಲ್ಲಿ ಮೊದಲ ನಾಲ್ಕು ಸಾಮುದಾಯಿಕ ಸಂರಕ್ಷಣಾ ಒಕ್ಕೂಟಗಳು ನೋಂದಣಿಯಾದವು. ಇಂದು ಅವು ಎಂಬತ್ತಕ್ಕೂ ಹೆಚ್ಚಿವೆ, ದೇಶದ ಸುಮಾರು ಐದರಲ್ಲಿ ಒಂದು ಪಾಲು ನೆಲವನ್ನು ಆವರಿಸಿವೆ.

ಒಕ್ಕೂಟ ನೋಂದಣಿಯಾಗಬೇಕಾದರೆ ಇರಬೇಕಾದದ್ದು ಇಷ್ಟು: ನೆರೆಯವರು ಒಪ್ಪಿದ ಗಡಿ, ಸದಸ್ಯರ ಪಟ್ಟಿ, ಬೈಲಾ, ಆಯ್ಕೆಯಾದ ಸಮಿತಿ ಮತ್ತು ಬಂದ ಆದಾಯವನ್ನು ಹೇಗೆ ಹಂಚುತ್ತೇವೆಂಬ ಲಿಖಿತ ಯೋಜನೆ. ನಮ್ಮ ಸೀಮೆಯ ಅಡಿಕೆ ಸಹಕಾರ ಸಂಘಗಳನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಕಾಣಿಸದು, ಆದರೆ ಒಂದು ವಿಚಾರ ನನ್ನ ಮನಸ್ಸಿನಲ್ಲಿ ಬಹಳ ಉಳಿದಿದೆ. ಕಾನೂನು ಬರುವುದಕ್ಕೆ ಹತ್ತು ಹನ್ನೆರಡು ವರ್ಷ ಮೊದಲೇ, 1980ರ ದಶಕದ ಆರಂಭದ ಭೀಕರ ಬರಗಾಲ ಮತ್ತು ಕಳ್ಳಬೇಟೆಯಿಂದ ವಾಯವ್ಯದ ಒಣಬೆಟ್ಟಗಳಲ್ಲಿ ಆನೆ, ಕಪ್ಪು ಘೇಂಡಾಮೃಗಗಳು ಮುಗಿದೇಹೋಗುವ ಹಂತಕ್ಕೆ ಬಂದಾಗ, ಗಾರ್ತ್ ಓವನ್ ಸ್ಮಿತ್ ಎಂಬ ಸಂರಕ್ಷಕರು ಅಲ್ಲಿನ ಊರ ಮುಖ್ಯಸ್ಥರ ಬಳಿ ಹೋಗಿ ಕುಳಿತು ಮಾತನಾಡಿದರು. ಮುಖ್ಯಸ್ಥರು ತಮ್ಮ ಊರಿನವರನ್ನೇ ಕಾವಲುಗಾರರನ್ನಾಗಿ ಆರಿಸಿದರು. ಆ ಕಾವಲುಗಾರರು ಉತ್ತರ ಹೇಳಬೇಕಾಗಿದ್ದುದು ಇಲಾಖೆಗೆ ಅಲ್ಲ, ಊರಿಗೆ. ಈ ಕೆಲಸಕ್ಕಾಗಿ ಓವನ್ ಸ್ಮಿತ್ ಮತ್ತು ಅವರ ಸಂಗಾತಿ ಮಾರ್ಗರೆಟ್ ಜಾಕಬ್‌ಸನ್ ಅವರಿಗೆ 1993ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ದೊರೆಯಿತು.

ಎಲ್ಲವೂ ಸುಸೂತ್ರವಾಗಿದೆಯೆಂದು ತಾವು ತಿಳಿಯಬಾರದು. ಒಕ್ಕೂಟದ ಹಣ ಸಮಿತಿಯವರ ಕೈಯಲ್ಲೇ ಉಳಿಯಿತೆಂಬ ದೂರುಗಳು ಅಲ್ಲಿಯೂ ಇವೆ. ಬರಗಾಲ ಬಿದ್ದಾಗ ದನವೂ ಸಾಯುತ್ತದೆ, ಕಾಡುಪ್ರಾಣಿಯೂ ಸಾಯುತ್ತದೆ. 2024ರ ಬರದಲ್ಲಿ ನಮೀಬಿಯಾ ಸರ್ಕಾರ 83 ಆನೆಗಳೂ ಸೇರಿದಂತೆ 723 ಕಾಡುಪ್ರಾಣಿಗಳನ್ನು ಕೊಂದು ಮಾಂಸವನ್ನು ಹಸಿದವರಿಗೆ ಹಂಚುವುದಾಗಿ ಪ್ರಕಟಿಸಿತು. ಅದನ್ನು ಓದಿದ ದಿನ ನನಗೂ ಸಂಕಟವಾಯಿತು.

ಅಲ್ಲಿಯ ಆದಾಯದಲ್ಲಿ ಪ್ರವಾಸದ ಜೊತೆಗೆ ಬೇಟೆಯ ಶುಲ್ಕವೂ ಸೇರಿದೆ, ಅದು ನಮ್ಮಲ್ಲಿ ಸಾಧ್ಯವೇ ಎಂದು ಇನ್ನಿಬ್ಬರು ಕೇಳಿದ್ದಾರೆ. ಸಾಧ್ಯವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ, ಕೊಡಬೇಕೆಂದು ನಾನೂ ಬಯಸುವುದಿಲ್ಲ.

ಪ್ರಶ್ನೆ: ರಾಜಸ್ಥಾನದ ಬಿಷ್ಣೋಯಿ ಜನ ಯಾವ ಕಾನೂನೂ ಇಲ್ಲದೆ ಕೇವಲ ಭಕ್ತಿಯಿಂದ ಕೃಷ್ಣಮೃಗಗಳನ್ನು ಉಳಿಸಿದರಲ್ಲವೇ? ಹಣದ ಲೆಕ್ಕಾಚಾರ ಏಕೆ ಬೇಕು?
(ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ವಿಜಯದಶಮಿಯ ಸಂಜೆ ಬನ್ನಿ ಮುಡಿಯುವ ಜಾಗದಲ್ಲಿ ನೀವು ಕೈಗೆ ತೆಗೆದುಕೊಂಡ ಎಲೆಯನ್ನು ನೆನಪಿಸಿಕೊಳ್ಳಿ: ನಡುಕಡ್ಡಿಯ ಎರಡು ಬದಿಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಬೂದು ಛಾಯೆಯ ಹಸಿರು ಎಲೆಗಳು, ಕೊಂಬೆಯಲ್ಲಿ ಮೊಂಡು ಮುಳ್ಳುಗಳು. ನಮ್ಮ ಮಲೆನಾಡಿನ ಮಳೆಗೆ ಅದು ತಾನಾಗಿ ಹುಟ್ಟುವ ಮರವಲ್ಲ, ಒಣಸೀಮೆಯ ಮರ. ರಾಜಸ್ಥಾನದವರು ಖೇಜಡಿ ಎನ್ನುವುದು ಇದೇ ಬನ್ನಿಯನ್ನು. 1730ರಲ್ಲಿ ಜೋಧಪುರದ ಅರಸನ ಆಳುಗಳು ಅರಮನೆ ಕಟ್ಟಲು ಸುಣ್ಣ ಸುಡುವುದಕ್ಕೆಂದು ಈ ಮರಗಳನ್ನು ಕಡಿಯಲು ಖೇಜಡ್ಲಿ ಊರಿಗೆ ಬಂದಾಗ, ಅಮೃತಾದೇವಿ ಮರವನ್ನು ತಬ್ಬಿ ನಿಂತು ಪ್ರಾಣ ಕೊಟ್ಟಳು, ಅವಳ ಹಿಂದೆ ಒಟ್ಟು 363 ಮಂದಿ ಸತ್ತರು. ಬಿಷ್ಣೋಯಿ ಪಂಥದ ಗುರು ಜಾಂಭೋಜಿ 1485ರಲ್ಲಿ ಹಾಕಿಕೊಟ್ಟ 29 ನಿಯಮಗಳಲ್ಲಿ ಹಸಿರು ಮರ ಕಡಿಯಬಾರದು, ಜೀವಗಳಿಗೆ ದಯೆ ತೋರಬೇಕು ಎಂಬವೂ ಇವೆ.

ಈ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಆ ಭಕ್ತಿ ನಿಂತಿರುವುದು ಬೇಸಾಯದ ಅನುಭವದ ಮೇಲೆ ಎಂಬುದನ್ನೂ ನೋಡಬೇಕು. ಬನ್ನಿ ಮರದ ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಅದು ಮೇಲ್ಮಣ್ಣಿನ ತೇವಕ್ಕೆ ಪೈರಿನೊಡನೆ ಪೈಪೋಟಿಗೆ ಇಳಿಯುವುದಿಲ್ಲ. ಅದರ ಕೆಳಗೆ ಸಜ್ಜೆ ಚೆನ್ನಾಗಿ ಬರುತ್ತದೆ, ಸೊಪ್ಪು ಬೇಸಿಗೆಯಲ್ಲಿ ದನಕ್ಕೂ ಒಂಟೆಗೂ ಮೇವು, ಕಾಯಿ ಮನುಷ್ಯರಿಗೆ ಪಲ್ಯ. ಮರ ಉಳಿದರೆ ಮನೆ ಉಳಿಯುತ್ತದೆಂದು ಅವರಿಗೆ ಗೊತ್ತಿತ್ತು.

ಕಾನೂನು ಬೇಡವೇ ಎಂಬ ಮಾತಿಗೂ ಉತ್ತರ ಅಲ್ಲಿಯೇ ಇದೆ. ರಾಜಸ್ಥಾನದ ‘ಓರಣ’ಗಳು ನಮ್ಮ ದೇವರಕಾಡುಗಳಂತೆಯೇ, ದೇವರ ಹೆಸರಿನಲ್ಲಿ ಊರು ಬಿಟ್ಟಿರುವ ಕುರುಚಲು ಕಾಡು ಮತ್ತು ಹುಲ್ಲುಗಾವಲು. ಶತಮಾನಗಳಿಂದ ಊರು ಕಾಪಾಡಿಕೊಂಡು ಬಂದ ಇವುಗಳಲ್ಲಿ ಹಲವು ಕಂದಾಯದ ದಾಖಲೆಯಲ್ಲಿ ‘ಪಾಳುಭೂಮಿ’ ಎಂದೇ ನಮೂದಾಗಿರುವುದರಿಂದ, ಸೌರವಿದ್ಯುತ್ ಸ್ಥಾವರಗಳಿಗೆ ಮಂಜೂರಾಗುವ ಅಪಾಯ ಬಂದಿದೆ. ಊರಿನ ಭಕ್ತಿ ಪಹಣಿಯಲ್ಲಿ ಕಾಣಿಸುವುದಿಲ್ಲವಲ್ಲ! 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓರಣಗಳನ್ನು ಸ್ಥಳದಲ್ಲೇ ಗುರುತಿಸಿ ನಕ್ಷೆ ಮಾಡಬೇಕೆಂದು ರಾಜಸ್ಥಾನಕ್ಕೆ ನಿರ್ದೇಶನ ಕೊಟ್ಟಿತು, ಅವುಗಳನ್ನು ಸಮುದಾಯ ಮೀಸಲು ಪ್ರದೇಶಗಳಾಗಿ ರಕ್ಷಿಸಬೇಕೆಂಬ ದಾರಿಯನ್ನೂ ತೋರಿಸಿತು. ದೇವರಕಾಡುಗಳ ಗಡಿ ವರ್ಷದಿಂದ ವರ್ಷಕ್ಕೆ ಒಳಸರಿಯುತ್ತಿರುವ ನಮ್ಮ ಊರುಗಳವರು ಈ ಆದೇಶವನ್ನು ಗಮನವಿಟ್ಟು ಓದಬೇಕು.

ಪ್ರಶ್ನೆ: ನಮ್ಮ ಮಗಳನ್ನು ಕೊಟ್ಟ ಮನೆಯವರದು ಹಿರಿಯೂರು ಕಡೆ 22 ಎಕರೆ ಖುಷ್ಕಿ ಜಮೀನು. ಎಂಟು ವರ್ಷದಿಂದ ಉತ್ತಿಲ್ಲ, ಹುಲ್ಲು ಬೆಳೆದಿದೆ. ನರಿ, ಮೊಲ, ಗೌಜಲಕ್ಕಿ ಇವೆ, ಒಮ್ಮೆ ತೋಳವನ್ನೂ ಕಂಡಿದ್ದಾರೆ. ಅಳಿಯಂದಿರು ಅದನ್ನು ಪ್ರಾಣಿಗಳಿಗೇ ಬಿಡಬೇಕೆನ್ನುತ್ತಾರೆ. ಸರ್ಕಾರಕ್ಕೆ ಬರೆದುಕೊಟ್ಟರೆ ಜಮೀನು ಕೈತಪ್ಪುತ್ತದೆಯೇ? ಗಿಡ ನೆಡಬೇಕೇ?
(ಗೃಹಿಣಿ, ಸಾಗರ)

ಉತ್ತರ: ಅಮ್ಮಾ, ಪತ್ರ ಓದಿ ಬಹಳ ಸಂತೋಷವಾಯಿತು. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿಯೇ ತಪ್ಪು ಆಗುವುದು. ದಯವಿಟ್ಟು ಗಿಡ ನೆಡಬೇಡಿ.

ಮಲೆನಾಡಿನಲ್ಲಿ ಹುಟ್ಟಿದ ನಮಗೆ ಮರವಿಲ್ಲದ ನೆಲವೆಂದರೆ ಬರಡು ಎನಿಸುತ್ತದೆ. ಬಯಲುಸೀಮೆಯ ಹುಲ್ಲುಗಾವಲು ಬರಡಲ್ಲ, ಅದು ತನ್ನಷ್ಟಕ್ಕೆ ಪೂರ್ಣವಾದ ಒಂದು ನೆಲೆ. ಕೃಷ್ಣಮೃಗಕ್ಕೆ ದೂರದವರೆಗೆ ಕಣ್ಣು ಹಾಯಬೇಕು, ಓಡಲು ಬಯಲು ಬೇಕು. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಹುಲ್ಲಿನ ಗುಂಪು ಬೇಕು. ಅಲ್ಲಿ ನೀಲಗಿರಿ, ಅಕೇಶಿಯ ನೆಟ್ಟರೆ ಇವೆಲ್ಲ ಜಾಗ ಬಿಡುತ್ತವೆ. ಇರುವ ಬನ್ನಿ, ಬಾರೆ, ತುಗ್ಗಲಿ ಗಿಡಗಳು ಇರಲಿ. ಬಳ್ಳಾರಿ ಜಾಲಿ ಕಂಡರೆ ಎಳೆಯದಾಗಿರುವಾಗಲೇ ಬೇರುಸಹಿತ ಕೀಳಿಸಿ. ಕಡಿದರೆ ಅದು ನಾಲ್ಕಾಗಿ ಚಿಗುರುತ್ತದೆ. ದನ, ಕುರಿಗಳನ್ನು ಪೂರ್ತಿ ತಡೆಯುವುದೂ ಒಳ್ಳೆಯದಲ್ಲ. ಮೇಯದ ಹುಲ್ಲು ಒಣಗಿ ಬಿದ್ದು ಬೇಸಿಗೆಯಲ್ಲಿ ಬೆಂಕಿಗೆ ದಾರಿಯಾಗುತ್ತದೆ. ಜಮೀನನ್ನು ಮೂರು ಪಾಲು ಮಾಡಿ, ಮಳೆಗಾಲದ ಮೊದಲ ತಿಂಗಳುಗಳಲ್ಲಿ ಒಂದು ಪಾಲಿಗೆ ಬಿಡುವು ಕೊಟ್ಟು, ಆಮೇಲೆ ಸರದಿಯಂತೆ ಮೇಯಿಸಿದರೆ ಹುಲ್ಲೂ ಉಳಿಯುತ್ತದೆ, ಪಕ್ಕದ ಕುರಿಗಾಹಿಗಳ ಸ್ನೇಹವೂ ಉಳಿಯುತ್ತದೆ. ಆ ಸ್ನೇಹವಿಲ್ಲದೆ ತೋಳ ಉಳಿಯುವುದಿಲ್ಲ.

ಜಮೀನಿನಲ್ಲಿ ಹಳೆಯ ತೆರೆದ ಬಾವಿಯಿದ್ದರೆ ಈ ತಿಂಗಳೇ ಅದಕ್ಕೆ ಕಟ್ಟೆ ಕಟ್ಟಿಸಿ. ರಾತ್ರಿ ಓಡಾಡುವ ನರಿ, ತೋಳಗಳು ಹುಲ್ಲು ಮುಚ್ಚಿದ ಬಾವಿಗೆ ಬಿದ್ದು ಸಾಯುವುದನ್ನು ಬಯಲುಸೀಮೆಯ ರೈತರು ಬಲ್ಲರು. ಹಳೆಯ ಗೋಕಟ್ಟೆಯಿದ್ದರೆ ಹೂಳೆತ್ತಿಸಿ, ಆದರೆ ಅಂಚು ಇಳಿಜಾರಾಗಿರಲಿ. ತೋಳ ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ. ಆ ದಿನಗಳಲ್ಲಿ ಕೊರಕಲು, ಪೊದೆಗಳ ಬಳಿ ಯಾರೂ ಸುಳಿಯದಿರಲಿ, ಫೋಟೋ ತೆಗೆಯುವವರಂತೂ ಬೇಡವೇ ಬೇಡ.

ಇನ್ನು ಕಾನೂನು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಎರಡು ಹೊಸ ಬಗೆಯ ರಕ್ಷಿತ ಪ್ರದೇಶಗಳು ಬಂದವು. ‘ಸಂರಕ್ಷಣಾ ಮೀಸಲು’ ಸರ್ಕಾರಿ ಭೂಮಿಗೆ ಸಂಬಂಧಿಸಿದ್ದು; ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ತಾಣ, ಕಡೂರು ಕಡೆಯ ಬಾಸೂರು ಅಮೃತಮಹಲ್ ಕಾವಲು ಇಂಥವು. ತಮಗೆ ಸಂಬಂಧಿಸಿದ್ದು 36-ಸಿ ಪ್ರಕರಣದ ‘ಸಮುದಾಯ ಮೀಸಲು’. ಒಬ್ಬ ವ್ಯಕ್ತಿ ಅಥವಾ ಒಂದು ಸಮುದಾಯ ತಾನಾಗಿ ಮುಂದೆ ಬಂದರೆ, ಖಾಸಗಿ ಅಥವಾ ಸಾಮುದಾಯಿಕ ಭೂಮಿಯನ್ನು ರಾಜ್ಯ ಸರ್ಕಾರ ಹಾಗೆ ಘೋಷಿಸಬಹುದು. ಒಡೆತನ ಕೈತಪ್ಪುವುದಿಲ್ಲ, ಪಹಣಿಯಲ್ಲಿ ಹೆಸರು ತಮ್ಮವರದೇ ಇರುತ್ತದೆ. ಖಾಸಗಿ ಭೂಮಿಯಾದರೆ ನಿರ್ವಹಣಾ ಸಮಿತಿಯಲ್ಲಿ ಭೂಮಾಲೀಕರೂ ಇರುವಂತೆ 2022ರ ತಿದ್ದುಪಡಿ ಮಾಡಿದೆ.

ಆದರೆ ಒಂದು ಮಾತನ್ನು ಮನೆಯವರೆಲ್ಲ ಕುಳಿತು ಯೋಚಿಸಬೇಕು. ಘೋಷಣೆಯಾದ ಮೇಲೆ ಭೂಮಿಯ ಬಳಕೆಯನ್ನು ಬದಲಾಯಿಸಬೇಕಾದರೆ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕಾಗುತ್ತದೆ. ಬೆಂಕಿ ಹಾಕುವುದು, ಪ್ರಾಣಿಗಳಿಗೆ ಅಪಾಯ ತರುವ ರಾಸಾಯನಿಕ ಬಳಸುವುದು ನಿಷಿದ್ಧ. ನಾಳೆ ಮೊಮ್ಮಕ್ಕಳು ಬೋರ್ ಕೊರೆಸಿ ದಾಳಿಂಬೆ ಹಾಕುತ್ತೇವೆ ಎಂದರೆ ಸುಲಭವಿಲ್ಲ. ಆದ್ದರಿಂದ ಅಳಿಯಂದಿರೊಬ್ಬರ ಉತ್ಸಾಹ ಸಾಲದು, ಪಾಲುದಾರರೆಲ್ಲರ ಒಪ್ಪಿಗೆ ಬೇಕು. ನನ್ನ ಸಲಹೆ ಕೇಳಿದರೆ, ಮೂರು ವರ್ಷ ಯಾವ ಘೋಷಣೆಯೂ ಇಲ್ಲದೆ ಹೀಗೆಯೇ ನಡೆಸಿಕೊಂಡು ಬನ್ನಿ. 22 ಎಕರೆ ಒಂಟಿಯಾಗಿದ್ದರೆ ತೋಳಕ್ಕೆ ಅದು ಒಂದು ರಾತ್ರಿಯ ದಾರಿ ಮಾತ್ರ. ಅಕ್ಕಪಕ್ಕದ ನಾಲ್ಕು ಮನೆಯವರು ಕೂಡಿದರೆ, ಸಮೀಪದಲ್ಲಿ ಕಾವಲಿನ ಹುಲ್ಲುಗಾವಲು ಇದ್ದರೆ, ಆಗ ಅದೊಂದು ನೆಲೆಯಾಗುತ್ತದೆ. ಅರ್ಜಿಯನ್ನು ಆಗ ಬರೆಯೋಣ.

ಪ್ರಶ್ನೆ: ಒಣಸೀಮೆಯ ಮಾತು ಸಾಕು. ನಮ್ಮ ಕಾನು, ಸೊಪ್ಪಿನಬೆಟ್ಟಗಳಲ್ಲಿ ಇಂಥದ್ದು ಆಗುತ್ತದೆಯೇ?
(ಕೃಷಿಕರು, ಹೊಸನಗರ ತಾಲ್ಲೂಕು, ಇದೇ ಅರ್ಥದ ಪತ್ರ ಸೊರಬದಿಂದಲೂ ಬಂದಿದೆ)

ಉತ್ತರ: ಸೊಪ್ಪಿನಬೆಟ್ಟದ ಭೂಮಿ ಸರ್ಕಾರದ್ದು, ಸೊಪ್ಪು ತರುವ ಹಕ್ಕು ತೋಟದವರದು. ಆದ್ದರಿಂದ ಅದನ್ನು ಖಾಸಗಿ ಭೂಮಿಯೆಂದು ಸಮುದಾಯ ಮೀಸಲಿಗೆ ಕೊಡುವುದು ನೇರವಾಗಿ ಆಗದು. ತಮ್ಮ ಪಟ್ಟಾ ಜಮೀನಿನ ಅಂಚಿನ ಕಾಡಿಗೆ ಆ ತೊಡಕಿಲ್ಲ.

ಮಾದರಿಗೆ ಮರುಭೂಮಿಯವರೆಗೆ ಹೋಗಬೇಕಾಗಿಯೂ ಇಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವುದನ್ನು ನಾವೆಲ್ಲ ರಸ್ತೆಬದಿಯಿಂದಲೇ ನೋಡಿದ್ದೇವೆ. ಅಲ್ಲಿ ಹಕ್ಕಿಗೂ ಮನೆಗೂ ನಡುವೆ ಹೊಳೆಯಿದೆ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆಯ ಹಿತ್ತಲಿನ ಹುಣಿಸೆಮರದಲ್ಲಿ. ಜನವರಿಯ ಹೊತ್ತಿಗೆ ಹಿಕ್ಕೆ ಬಿದ್ದು ಮರದ ಎಲೆ, ಕೆಳಗಿನ ಹಂಚು, ಅಂಗಳ ಎಲ್ಲವೂ ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ, ಮೀನಿನ ವಾಸನೆ ಅಡುಗೆಮನೆಯವರೆಗೆ ಬರುತ್ತದೆ, ಹುಣಿಸೆಯ ಫಸಲು ಕೈಗೆ ಹತ್ತುವುದಿಲ್ಲ. ಆದರೂ ಮನೆಯವರು ಮರ ಕಡಿಯಲಿಲ್ಲ. ಹಿಕ್ಕೆಯನ್ನು ಗೊಬ್ಬರವಾಗಿ ಗದ್ದೆಗೆ ಸಾಗಿಸಿದರು. ಹುಣಿಸೆಯ ನಷ್ಟಕ್ಕೆ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡಾಯಿತು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಿನ ಯುವಕರ ಹೆಜ್ಜಾರ್ಲೆ ಬಳಗ ನಿಂತಿತು. ಪ್ಲೇಗಿನ ಕಾಲದಲ್ಲಿ ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಅಲ್ಲಿನ ಹಿರಿಯರು ಹೇಳುತ್ತಾರೆ.

ತಮ್ಮೂರಿನಲ್ಲಿ ನಷ್ಟ ಕಾಟಿಯದು, ಹಂದಿಯದು, ಮಂಗನದು. ಇದನ್ನು ಅಲ್ಲಗಳೆದು ಸಂರಕ್ಷಣೆಯ ಮಾತಾಡುವವರನ್ನು ನಾನು ಒಪ್ಪುವುದಿಲ್ಲ. ಉರುಳು ಹಾಕಿದವನನ್ನು ಬೈಯುವ ಮೊದಲು, ಅವನ ಗದ್ದೆಯಲ್ಲಿ ಆ ವರ್ಷ ಏನು ಹೋಯಿತೆಂದು ಊರಿಗೆ ಗೊತ್ತಿರಬೇಕು. ನಮೀಬಿಯಾದ ಊರ ಕಾವಲುಗಾರರು ಒಂದು ದಾಖಲೆ ಪುಸ್ತಕ ಇಡುತ್ತಾರೆ: ಯಾವ ದಿನ, ಯಾರ ಜಮೀನು, ಯಾವ ಪ್ರಾಣಿ, ಏನು ನಷ್ಟ, ಯಾವ ಪ್ರಾಣಿ ಸತ್ತು ಸಿಕ್ಕಿತು. ಹೆಚ್ಚು ಓದು ಬಾರದವರೂ ಗೀಟು ಹಾಕಿ ತುಂಬುವಂತೆ ಅದನ್ನು ಮಾಡಿದ್ದಾರೆ. ವರ್ಷದ ಕೊನೆಗೆ ಊರಿನ ಸಭೆಯಲ್ಲಿ ಅದನ್ನು ಎಲ್ಲರ ಮುಂದೆ ಇಡುತ್ತಾರೆ. ಇದಕ್ಕೆ ಮರುಭೂಮಿ ಬೇಕಿಲ್ಲ, ಇಲಾಖೆಯ ಅನುಮತಿಯೂ ಬೇಕಿಲ್ಲ. ಬೆಳೆಹಾನಿಗೆ ಇ-ಪರಿಹಾರದಲ್ಲಿ ಅರ್ಜಿ ಹಾಕುವಾಗ, ಗ್ರಾಮಸಭೆಯಲ್ಲಿ ಮಾತು ಬಂದಾಗ, ಆ ಪುಸ್ತಕವೇ ತಮ್ಮ ಪರವಾಗಿ ಮಾತಾಡುತ್ತದೆ.

ಹಾಲಿನ ಡೈರಿಯಲ್ಲೋ ಸೊಸೈಟಿಯಲ್ಲೋ ದಾರ ಕಟ್ಟಿದ ಇನ್ನೂರು ಪುಟದ ಒಂದು ನೋಟುಪುಸ್ತಕ ಇಡಿ, ಪಕ್ಕದಲ್ಲಿ ಒಂದು ಪೆನ್ನು. ಈ ಮಳೆಗಾಲದಿಂದ ಬರೆಯಲು ಆರಂಭಿಸಿ. ಕೊನೆಕೊಯ್ಲು ಮುಗಿದ ಮೇಲೆ ಅದರ ಕೆಲವು ಪುಟಗಳ ಪ್ರತಿಯನ್ನು ಈ ಅಂಕಣಕ್ಕೆ ಕಳುಹಿಸಿಕೊಟ್ಟರೆ, ಮುಂದಿನ ಉತ್ತರವನ್ನು ಅದನ್ನು ಮುಂದಿಟ್ಟುಕೊಂಡೇ ಬರೆಯುತ್ತೇನೆ.